ಹೂಳಿನಿಂದ ಎದ್ದ ನೆಲ: ವಿಲ್ಲಿಂಗ್ಡನ್ ಐಲ್ಯಾಂಡ್ ಮತ್ತು ಕೊಚ್ಚಿ ಅಳಿವೆಯ ಚರಿತ್ರೆ

ವಿಲ್ಲಿಂಗ್ಡನ್ ಐಲ್ಯಾಂಡ್ ಇರುವುದು ಕೊಚ್ಚಿಯ ಹಿನ್ನೀರಿನಲ್ಲಿ, ಎರ್ನಾಕುಲಂ ಮತ್ತು ಮಟ್ಟಾಂಚೇರಿಗಳ ನಡುವೆ. ವೆಂಡುರುತ್ತಿ ಎಂಬ ಹಳೆಯ ಸಣ್ಣ ದ್ವೀಪಕ್ಕೆ ಸುಮಾರು 780 ಎಕರೆ ಹೊಸ ನೆಲ ಸೇರಿ ಅದು ಇಂದಿನ ಆಕಾರಕ್ಕೆ ಬಂದಿದೆ. ಆ ಹೊಸ ನೆಲವೆಲ್ಲ ಹಡಗಿನ ದಾರಿಗಾಗಿ ನೀರಿನ ತಳ ಕೆದಕಿದಾಗ ಬಂದ ಹೂಳು ಮತ್ತು ಮರಳು. ಬಂದರಿನ ಧಕ್ಕೆಗಳು, ಗೋದಾಮುಗಳು, ರೈಲು ನಿಲ್ದಾಣ, ನೌಕಾಪಡೆಯ ನೆಲೆ ಎಲ್ಲವೂ ಇದರ ಆಸರೆಯಲ್ಲಿವೆ. ಈ ಹೂಳು ಎಲ್ಲಿಂದ ಬಂತು, ಎತ್ತಿದ ಮೇಲೆ ಮತ್ತೆ ಏಕೆ ಬರುತ್ತಲೇ ಇದೆ, ಬಂದರಿನ ದಾರಿಯಿಂದ ತೆಗೆದ ಮರಳು ಯಾವ ದಡಕ್ಕೆ ಸೇರಬೇಕಿತ್ತು ಎಂಬುದೇ ಕೊಚ್ಚಿಯ ಚರಿತ್ರೆಯ ದೊಡ್ಡ ಪಾಲು.

ಕೊಚ್ಚಿಯ ಹಿಂದೆ ಹಬ್ಬಿರುವ ವೇಂಬನಾಡು ಹಿನ್ನೀರಿಗೆ ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್, ಮೂವಾಟ್ಟುಪುಳ ನದಿಗಳು ಬಂದು ಸೇರುತ್ತವೆ. ಉತ್ತರದಿಂದ ಪೆರಿಯಾರ್ ಬರುತ್ತದೆ. ಆಲುವಾದ ಬಳಿ ಅದು ಎರಡಾಗಿ ಒಡೆಯುತ್ತದೆ. ಒಂದು ಕವಲು ಕೊಡುಂಗಲ್ಲೂರಿನ ಕಡೆಯ ಅಳಿವೆಗೂ ಇನ್ನೊಂದರ ನೀರು ಕೊಚ್ಚಿಯ ಕಡೆಗೂ ಸಾಗುತ್ತದೆ. ಘಟ್ಟದಿಂದ ಕಡಲಿಗೆ ದೂರ ಕಡಿಮೆ, ಇಳಿಜಾರು ಹೆಚ್ಚು. ಹಾಗಾಗಿ ಆಟಿ ತಿಂಗಳ ಮಳೆಗೆ ಈ ನದಿಗಳು ಹೊತ್ತು ತರುವ ಮಣ್ಣು ಅಪಾರ. ಎದುರಿನಿಂದ ಮುಂಗಾರಿನ ಕಡಲು ಮರಳನ್ನು ದಡಕ್ಕೆ ತಳ್ಳುತ್ತದೆ. ಎರಡೂ ಸೇರುವ ಅಳಿವೆಬಾಗಿಲು ಒಂದೇ ಆಕಾರದಲ್ಲಿ ಉಳಿಯುವುದಿಲ್ಲ.

ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಈ ಭಾಗದ ದೊಡ್ಡ ಬಂದರು ಕೊಚ್ಚಿಯಾಗಿರಲಿಲ್ಲ, ಪೆರಿಯಾರ್ ಅಳಿವೆಯ ಮುಸಿರಿಸ್ ಆಗಿತ್ತು. ಯವನರ ಹಡಗುಗಳು ಚಿನ್ನದೊಂದಿಗೆ ಬಂದು ಕರಿಮೆಣಸು ತುಂಬಿಕೊಂಡು ಹೋಗುತ್ತಿದ್ದುದನ್ನು ಸಂಗಂ ಕವಿತೆಗಳು ಹೇಳುತ್ತವೆ. ಉತ್ತರ ಪರವೂರಿನ ಹತ್ತಿರ ಪಟ್ಟಣಂ ಎಂಬಲ್ಲಿ 2007ರಿಂದ ಕೇರಳ ಇತಿಹಾಸ ಸಂಶೋಧನಾ ಮಂಡಳಿ ನಡೆಸಿದ ಉತ್ಖನನದಲ್ಲಿ ಮೆಡಿಟರೇನಿಯನ್ ಕಡೆಯ ಮದ್ಯದ ಜಾಡಿಗಳ ಚೂರುಗಳು, ಮರದ ದೋಣಿ, ಧಕ್ಕೆಯ ಅವಶೇಷ ಸಿಕ್ಕವು. ಅದೇ ಮುಸಿರಿಸ್ ಎಂದು ಎಲ್ಲ ವಿದ್ವಾಂಸರೂ ಒಪ್ಪಿಲ್ಲವಾದರೂ ಪೆರಿಯಾರಿನ ಬಾಯಲ್ಲಿ ದೂರದೇಶದ ವ್ಯಾಪಾರ ನಡೆದಿತ್ತೆಂಬುದರಲ್ಲಿ ಅನುಮಾನ ಉಳಿದಿಲ್ಲ. ರೋಮಿನ ಪ್ಲಿನಿ ಮುಸಿರಿಸ್ ಬಗ್ಗೆ ಒಂದು ದೂರನ್ನು ಬರೆದಿಟ್ಟಿದ್ದಾನೆ. ಹಡಗುಗಳು ದಡದಿಂದ ಬಹುದೂರದಲ್ಲಿ ಲಂಗರು ಹಾಕಬೇಕು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕು ಎಂದು. ಸುಮಾರು ಹದಿನೆಂಟು ಶತಮಾನಗಳ ನಂತರ ಕೊಚ್ಚಿಗೆ ಬಂದ ಇಂಗ್ಲಿಷ್ ವರ್ತಕರದ್ದೂ ಇದೇ ದೂರು.

ಮುಸಿರಿಸ್ ಇದ್ದ ಜಾಗದಿಂದ ವ್ಯಾಪಾರ ಕೊಚ್ಚಿಗೆ ಸರಿದದ್ದಕ್ಕೆ 1341ರ ಮಹಾನೆರೆ ಕಾರಣವೆಂಬುದು ಕೇರಳದಲ್ಲಿ ಗಟ್ಟಿಯಾಗಿ ನಿಂತ ಮಾತು. ಆ ವರ್ಷ ಪೆರಿಯಾರ್ ಉಕ್ಕಿ ಕೊಡುಂಗಲ್ಲೂರಿನ ಅಳಿವೆ ಹೂಳಿನಿಂದ ಮುಚ್ಚಿತು, ದಕ್ಷಿಣಕ್ಕೆ ಕೊಚ್ಚಿಯಲ್ಲಿ ಹೊಸ ಬಾಗಿಲು ತೆರೆಯಿತು, ನಡುವೆ ವೈಪಿನ್ ಎಂಬ ಉದ್ದನೆಯ ಮರಳು ದ್ವೀಪ ಎದ್ದಿತು ಎನ್ನುತ್ತಾರೆ. ವೈಪಿನ್‌ನಲ್ಲಿ ಈ ಘಟನೆಯಿಂದಲೇ ವರ್ಷ ಎಣಿಸುವ ಪುದುವೈಪ್ಪು ಶಕೆ ಬಳಕೆಯಲ್ಲಿತ್ತು. ಆದರೆ ಆ ನೆರೆಯನ್ನು ಕಣ್ಣಾರೆ ಕಂಡವರು ಬರೆದ ದಾಖಲೆ ಸಿಕ್ಕಿಲ್ಲ. ಒಂದೇ ಮಳೆಗಾಲದಲ್ಲಿ ಇಷ್ಟೆಲ್ಲ ಆಯಿತೆನ್ನುವುದಕ್ಕಿಂತ, ನೂರಾರು ವರ್ಷಗಳಿಂದ ತುಂಬುತ್ತ ಬಂದಿದ್ದ ಅಳಿವೆಗೆ ಆ ನೆರೆ ಕೊನೆಯ ಪೆಟ್ಟು ಕೊಟ್ಟಿತೆನ್ನುವುದೇ ಹೆಚ್ಚು ಸರಿ. ಕೊಡುಂಗಲ್ಲೂರು ಕೂಡ ರಾತ್ರೋರಾತ್ರಿ ಸಾಯಲಿಲ್ಲ. ಪೋರ್ಚುಗೀಸರು 16ನೇ ಶತಮಾನದಲ್ಲಿ ಅಲ್ಲಿ ಕೋಟೆ ಕಟ್ಟಿದ್ದಾರೆ. ವ್ಯಾಪಾರದ ತೂಕ ಮಾತ್ರ ದಕ್ಷಿಣಕ್ಕೆ ವಾಲಿತ್ತು. ಪೆರುಂಪಡಪ್ಪು ರಾಜವಂಶ 15ನೇ ಶತಮಾನದ ಮೊದಲ ವರ್ಷಗಳಲ್ಲಿ ಕೊಚ್ಚಿಗೆ ಬಂದು ನೆಲೆಸಿತು. ಅದೇ ಶತಮಾನದಲ್ಲಿ ಚೀನಾದ ಮಾ ಹುವಾನ್ ಕೊಚ್ಚಿಯನ್ನು ಒಂದು ರಾಜ್ಯವೆಂದೇ ವರ್ಣಿಸಿದ. 1500ರಲ್ಲಿ ಪೋರ್ಚುಗೀಸರು, 1663ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು ಬಂದದ್ದು ಈ ಹೊಸ ಬಾಗಿಲಿಗಾಗಿ.

ಬಂದರು ಸರಿದಾಗ ವರ್ತಕರೂ ಅದರ ಹಿಂದೆ ಹೋದರು. ಕೃಷಿಕರಿಗೆ ಹಾಗೆ ಹೋಗಲು ಬರುತ್ತಿರಲಿಲ್ಲ. ಉಪ್ಪುನೀರು ನುಗ್ಗುವ ಹೊಸ ಜೌಗು ನೆಲದಲ್ಲಿ ಅವರು ಬೆಳೆದದ್ದು ಪೊಕ್ಕಾಳಿ ಭತ್ತ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಭತ್ತ, ಕೊಯ್ಲಿನ ಬಳಿಕ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ. ಗೊಬ್ಬರ ಹಾಕದೆ ನಡೆಯುವ ಬೇಸಾಯ ಇದು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವ ಕುಮಟಾ ಕಡೆಯ ರೈತರಿಗೆ ಈ ಕ್ರಮವನ್ನು ವಿವರಿಸಿ ಹೇಳಬೇಕಿಲ್ಲ. ಎರಡೂ ಕಡೆ ನೀರನ್ನು ಹೊರಗಿಡುವ ಬದಲು ಹದವರಿತು ಒಳಬಿಡುವ ಕಟ್ಟೆ ಮತ್ತು ಬಾಗಿಲುಗಳ ವ್ಯವಸ್ಥೆ ಇತ್ತು, ಅದನ್ನು ಊರೇ ಸೇರಿ ನೋಡಿಕೊಳ್ಳುತ್ತಿತ್ತು. ಎರಡೂ ಕಡೆ ಈಗ ಅದರ ವಿಸ್ತೀರ್ಣ ಕುಗ್ಗಿದೆ.

ಕೊಚ್ಚಿಯ ಬಾಗಿಲಿನಲ್ಲೂ ಒಂದು ತೊಡಕಿತ್ತು. ಒಳಗೆ ವಿಶಾಲವಾದ, ಗಾಳಿ ತಾಗದ ಹಿನ್ನೀರು. ಹೊರಗೆ ಕಡಲಿನಲ್ಲಿ ಅಡ್ಡಕ್ಕೆ ಮಲಗಿದ ಗಟ್ಟಿ ಮರಳು ದಿಬ್ಬ. ಇಳಿತದ ಹೊತ್ತಿನಲ್ಲಿ ಅದರ ಮೇಲೆ ನೀರು ಎಂಟೊಂಬತ್ತು ಅಡಿಗಿಂತ ಹೆಚ್ಚಿರುತ್ತಿರಲಿಲ್ಲ. ಉಗಿಹಡಗುಗಳು ದೊಡ್ಡದಾದಷ್ಟೂ ದೂರದಲ್ಲೇ ನಿಲ್ಲಬೇಕಾಯಿತು. ಸರಕು ದೋಣಿಗಳಲ್ಲಿ ಹೋಗಿಬರುತ್ತಿತ್ತು, ಮುಂಗಾರಿನಲ್ಲಿ ಅದೂ ಇಲ್ಲ. ಮಂಗಳೂರಿನ ಹಳೆ ಬಂದರಿನ ಕಥೆಯೂ ಹೀಗೆಯೇ. ನೇತ್ರಾವತಿ ಮತ್ತು ಗುರುಪುರ ನದಿಗಳ ಕೂಡು ಅಳಿವೆಯ ಮರಳು ದಾಟಲಾಗದೆ ಹಡಗುಗಳು ಹೊರಗೆ ನಿಲ್ಲುತ್ತಿದ್ದವು, ಮಂಜಿ ಎಂಬ ಸರಕು ದೋಣಿಗಳು ಹೆಂಚು ಮತ್ತು ಕಾಫಿ ಹೊತ್ತು ಅವುಗಳ ಬಳಿ ಹೋಗುತ್ತಿದ್ದವು. ಕೊಚ್ಚಿಯ ದಿಬ್ಬವನ್ನು ಕಡಿಯಬೇಕೆಂದು 19ನೇ ಶತಮಾನದಲ್ಲೇ ಪಟ್ಟು ಹಿಡಿದವನು ವರ್ತಕ ಜಾನ್ ಆಸ್ಪಿನ್‌ವಾಲ್. ಅವನ ಹೆಸರಿನ ಕಂಪನಿ ಮುಂದೆ ಮಂಗಳೂರಿನ ಕಾಫಿ ವಹಿವಾಟಿನಲ್ಲೂ ಪ್ರಸಿದ್ಧವಾಯಿತು.

ಕೆಲಸಕ್ಕೆ ಕೈಹಾಕಿದ್ದು ಮದ್ರಾಸ್ ಸರಕಾರ. ಫೋರ್ಟ್ ಕೊಚ್ಚಿ ಆಗ ಬ್ರಿಟಿಷರದು, ಮಲಬಾರ್ ಜಿಲ್ಲೆಗೆ ಸೇರಿದ್ದು. ಎದುರು ದಡದ ಎರ್ನಾಕುಲಂ ಕೊಚ್ಚಿ ಅರಸರದು. ದಕ್ಷಿಣಕ್ಕೆ ಕೊಂಚ ಹೋದರೆ ತಿರುವಾಂಕೂರು. ಗವರ್ನರ್ ಲಾರ್ಡ್ ವಿಲ್ಲಿಂಗ್ಡನ್ ಕಾಲದಲ್ಲಿ, 1920ರ ಏಪ್ರಿಲ್‌ನಲ್ಲಿ, ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಕೊಚ್ಚಿಗೆ ಬಂದ. ದಿಬ್ಬ ಕಡಿದರೆ ಒಂದೇ ಮಳೆಗಾಲದಲ್ಲಿ ಕಡಲು ಅದನ್ನು ಮತ್ತೆ ತುಂಬುತ್ತದೆ ಎಂಬುದು ಜನರ ಮೊದಲ ಭಯ. ಎರಡನೆಯದು ಇನ್ನೂ ಗಂಭೀರ: ಹೊರಗಿನ ದಿಬ್ಬವೇ ಅಲೆಗಳ ಬಲ ಮುರಿಯುತ್ತಿದ್ದು, ಅದು ಹೋದರೆ ವೈಪಿನ್ ದಡ ಕೊಚ್ಚಿಹೋಗುತ್ತದೆ ಎಂಬುದು. ವೈಪಿನ್ ಆಗಲೇ ಸವೆಯುತ್ತಿತ್ತು. ಬ್ರಿಸ್ಟೋ ಮೊದಲು ಆ ದಡಕ್ಕೆ ಅಡ್ಡಲಾಗಿ ಕಲ್ಲಿನ ಗೋಡೆಗಳನ್ನು ಚಾಚಿ ಮರಳು ನಿಲ್ಲುವಂತೆ ಮಾಡಿದ. ಪ್ರಾಯೋಗಿಕವಾಗಿ ದಿಬ್ಬವನ್ನು ಒಂದಿಷ್ಟು ಕಡಿದು, ಮಳೆಗಾಲ ಕಳೆದ ಮೇಲೆ ಎಷ್ಟು ತುಂಬಿದೆ ಎಂದು ಅಳೆದ. ದಡವನ್ನು ಮೊದಲು ಕಾಪಾಡಿ ಬಳಿಕ ಕಡಲು ಅಗೆಯುವ ಈ ಕ್ರಮ ಕೇರಳದ ಕರಾವಳಿಯಲ್ಲಿ ಆಮೇಲೆ ಅಪರೂಪವಾಯಿತು.

ಅವನು ಅಳತೆಯಲ್ಲಿ ತೊಡಗಿದ್ದ ವರ್ಷಗಳಲ್ಲೇ 1924ರ ನೆರೆ ಬಂತು. ಮಲಯಾಳದ ಕೊಲ್ಲಂ ಶಕೆ 1099ರಲ್ಲಿ ಬಂದ ಕಾರಣ ಕೇರಳದಲ್ಲಿ ಅದಕ್ಕೆ ತೊಂಬತ್ತೊಂಬತ್ತರ ನೆರೆ ಎಂದೇ ಹೆಸರು. ಜುಲೈ 16ರಿಂದ 18ರವರೆಗಿನ ಮೂರು ದಿನ ದೇವಿಕುಳಂ ಸುತ್ತ ಸುರಿದ ಮಳೆ ಪೆರಿಯಾರಿನ ಇಡೀ ಜಲಾನಯನವನ್ನು ತುಂಬಿಸಿತು. ಮುನ್ನಾರಿನ ಕುಂಡಳ ಕಣಿವೆಯ ಚಹಾ ತೋಟಗಳ ಸಣ್ಣ ರೈಲು ಕೊಚ್ಚಿಹೋಯಿತು, ಮತ್ತೆ ಕಟ್ಟಲೇ ಇಲ್ಲ. ಆಲುವಾದಿಂದ ಮುನ್ನಾರಿಗೆ ಹೋಗುತ್ತಿದ್ದ ಹಳೆಯ ದಾರಿ ಗುಡ್ಡ ಜರಿದು ಮುಚ್ಚಿತು. ಕುಟ್ಟನಾಡಿನಲ್ಲಿ ಜನ ಮನೆಯ ಮಾಡು ಹತ್ತಿದರು. ತಗಳಿ ಶಿವಶಂಕರ ಪಿಳ್ಳೆಯವರ ‘ವೆಳ್ಳಪ್ಪೊಕ್ಕತ್ತಿಲ್’ ಕಥೆ ಮಾಡಿನ ಮೇಲೆ ಬಿಟ್ಟುಹೋದ ನಾಯಿಯೊಂದರ ಮೂಲಕ ಅಂಥ ನೆರೆಯನ್ನು ಕಾಣಿಸುತ್ತದೆ. ಗಾಂಧೀಜಿ ತಮ್ಮ ಪತ್ರಿಕೆಗಳಲ್ಲಿ ಮಲಬಾರ್ ಸಂತ್ರಸ್ತರಿಗಾಗಿ ಹಣ ಕೇಳಿದರು. ಕನ್ನಡ ನಾಡಿಗೂ 1923 ಮತ್ತು 1924 ಕೆಟ್ಟ ವರ್ಷಗಳು. 1923ರ ಆಗಸ್ಟ್‌ನಲ್ಲಿ ನೇತ್ರಾವತಿ ಪಾಣೆಮಂಗಳೂರು, ಬಂಟ್ವಾಳಗಳನ್ನು ಮುಳುಗಿಸಿತು. ತುಳುನಾಡಿನ ಹಿರಿಯರು ಅದನ್ನು ಮಾರಿಬೊಳ್ಳ ಎಂದರು. 1924ರ ಜುಲೈನಲ್ಲಿ ಕಾವೇರಿ ಮೈಸೂರು ಸೀಮೆಯಲ್ಲಿ ಹಿಂದೆಂದೂ ಕಾಣದಷ್ಟು ಉಕ್ಕಿತು.

ಮದ್ರಾಸ್, ಕೊಚ್ಚಿ, ತಿರುವಾಂಕೂರು ಮತ್ತು ಭಾರತ ಸರಕಾರಗಳು ಬಂದರಿನ ಖರ್ಚು ಮತ್ತು ಸುಂಕದ ಪಾಲಿನ ಬಗ್ಗೆ 1925ರಲ್ಲಿ ಒಪ್ಪಂದಕ್ಕೆ ಬಂದವು. ಮರುವರ್ಷ ‘ಲಾರ್ಡ್ ವಿಲ್ಲಿಂಗ್ಡನ್’ ಎಂಬ ಹೂಳೆತ್ತುವ ಹಡಗು ಕೊಚ್ಚಿಗೆ ಬಂತು. ದಿಬ್ಬದ ನಡುವೆ 450 ಅಡಿ ಅಗಲ, ಸುಮಾರು ಮೂರೂವರೆ ಮೈಲಿ ಉದ್ದದ ಕಾಲುವೆ ಕಡಿದಾಯಿತು. 1928ರ ಮೇ 26ರಂದು ಮುಂಬಯಿಯಿಂದ ಬಂದ ‘ಪದ್ಮಾ’ ಎಂಬ ಉಗಿಹಡಗು ಮೊದಲ ಬಾರಿಗೆ ಒಳಬಂದರಿಗೆ ಬಂದು ನಿಂತಿತು. ಒಳಗಿನ ಹಿನ್ನೀರನ್ನೂ ಆಳ ಮಾಡುವಾಗ ಎತ್ತಿದ ಹೂಳನ್ನು ದೂರ ಒಯ್ದು ಚೆಲ್ಲುವ ಬದಲು, ಕೊಳವೆಯಲ್ಲಿ ಪಂಪ್ ಮಾಡಿ ವೆಂಡುರುತ್ತಿಯ ಮಗ್ಗುಲಿಗೇ ಸುರಿದರು. ಎರಡು ಸಮಸ್ಯೆಗಳಿಗೆ ಒಂದೇ ಉತ್ತರ ಸಿಕ್ಕಿತು. ಹೀಗೆ ಎದ್ದ ನೆಲಕ್ಕೆ ಅಷ್ಟರಲ್ಲಿ ವೈಸರಾಯ್ ಆಗಿದ್ದ ವಿಲ್ಲಿಂಗ್ಡನ್ನನ ಹೆಸರು ಬಂತು. 1936ರಲ್ಲಿ ಕೊಚ್ಚಿ ಪ್ರಮುಖ ಬಂದರಾಯಿತು. ಸೇತುವೆಗಳು ದ್ವೀಪವನ್ನು ಎರಡೂ ದಡಗಳಿಗೆ ಜೋಡಿಸಿದವು, ರೈಲು ಧಕ್ಕೆಯ ಬಳಿಗೇ ಬಂತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಇಲ್ಲಿ ಬೀಡುಬಿಟ್ಟಿತು. 1941ರಲ್ಲಿ ಬ್ರಿಸ್ಟೋ ಕೊಚ್ಚಿ ಬಿಟ್ಟ. 1959ರಲ್ಲಿ ‘ಕೊಚ್ಚಿನ್ ಸಾಗಾ’ ಎಂಬ ಪುಸ್ತಕದಲ್ಲಿ ಈ ಕಥೆಯನ್ನು ತಾನೇ ಬರೆದ.

ಅಳಿವೆ ಆಳವಾಗಿ ಉಳಿಯಬೇಕಾದರೆ ಅಗೆತ ನಿಲ್ಲುವಂತಿಲ್ಲ. ನದಿ ಮತ್ತು ಕಡಲು ತರುವ ಹೂಳನ್ನು ಕೊಚ್ಚಿ ಬಂದರು ಪ್ರತಿವರ್ಷ ತೆಗೆಯಲೇಬೇಕು. ಅದರ ಖರ್ಚು ಕೋಟಿಗಟ್ಟಲೆ, ಎತ್ತಿದ್ದರ ಬಹುಪಾಲು ಹೊರಕಡಲಿಗೆ ಹೋಗುತ್ತದೆ. ಕುಟ್ಟನಾಡಿನ ಗದ್ದೆಗಳಿಗಾಗಿ ಹಿನ್ನೀರನ್ನು ತುಂಬಿಸಿದ್ದು, ಉಪ್ಪುನೀರು ತಡೆಯಲು 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂನಲ್ಲಿ ಒಡ್ಡು ಕಟ್ಟಿದ್ದು, ಎರ್ನಾಕುಲಂ ದಡವನ್ನು ಮುಂದಕ್ಕೆ ಚಾಚಿದ್ದು ಎಲ್ಲ ಸೇರಿ ನೆರೆಯ ನೀರು ಹರಡಿ ನಿಲ್ಲಲು ಇದ್ದ ಜಾಗ ಕಿರಿದಾಯಿತು. 2011ರ ಫೆಬ್ರವರಿಯಲ್ಲಿ ವಲ್ಲಾರ್‌ಪಾಡಂ ದ್ವೀಪದ ಕಂಟೇನರ್ ಟರ್ಮಿನಲ್ ಆರಂಭವಾದ ಮೇಲೆ ವಿಲ್ಲಿಂಗ್ಡನ್ ಐಲ್ಯಾಂಡಿನ ಕಂಟೇನರ್ ವಹಿವಾಟು ಅಲ್ಲಿಗೆ ಹೋಯಿತು. ಅದರ ರಸ್ತೆ ಮತ್ತು ರೈಲು ದಾರಿಗಾಗಿ 2008ರ ಫೆಬ್ರವರಿ 6ರಂದು ಮೂಲಂಪಿಳ್ಳಿಯಲ್ಲಿ ಮನೆಗಳನ್ನು ಕೆಡವಲಾಯಿತು. ಸುತ್ತಲಿನ ಊರುಗಳೂ ಸೇರಿ ಒಟ್ಟು 316 ಕುಟುಂಬಗಳು ನೆಲೆ ಕಳೆದುಕೊಂಡವು. ಕೆಲವರಿಗೆ ಬದಲಿಯಾಗಿ ಸಿಕ್ಕಿದ್ದು ಮಣ್ಣು ಸುರಿದು ಎತ್ತರಿಸಿದ ಜೌಗು. ಅಲ್ಲಿ ಕಟ್ಟಿದ ಮನೆಗಳು ಕುಸಿದು ವಾಲಿದವು. ಹಿನ್ನೀರು ತುಂಬಿಸಿ ಮಾಡಿದ ನೆಲ ಬಂದರಿಗೆ ಒಂದು ಬಗೆ, ಬಂದರಿಗಾಗಿ ಎದ್ದುಹೋದವರಿಗೆ ಇನ್ನೊಂದು ಬಗೆ.

ಮಂಗಳೂರು ಬೇರೆ ದಾರಿ ಹಿಡಿಯಿತು. ಅಳಿವೆಯ ಮರಳಿನೊಂದಿಗೆ ಹೆಣಗುವ ಬದಲು, ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನೇ ಅಗೆದು ನೀರು ತುಂಬಿಸಿ ನವಮಂಗಳೂರು ಬಂದರು ಮಾಡಿತು. ಅದು 1974ರಲ್ಲಿ ಪ್ರಮುಖ ಬಂದರಾಯಿತು. ಅಲ್ಲಿಯೂ ಊರು ಬಿಟ್ಟವರಿದ್ದರು, ಕಾಟಿಪಳ್ಳ, ಕೃಷ್ಣಾಪುರಗಳು ಅವರಿಗಾಗಿ ಎದ್ದ ಬಡಾವಣೆಗಳು. ಹಳೆಯ ಅಳಿವೆಗೂ ಮುಂದೆ ಕಲ್ಲಿನ ತಡೆಗೋಡೆಗಳು ಬಂದವು. ಅದರ ದಕ್ಷಿಣಕ್ಕಿರುವ ಉಳ್ಳಾಲ, ಮೊಗವೀರಪಟ್ನಗಳ ಕಡಲ್ಕೊರೆತ ಪ್ರತಿ ಮಳೆಗಾಲದ ಸುದ್ದಿ.

2018ರ ಆಗಸ್ಟ್‌ನ ನೆರೆ ಪೆರಿಯಾರಿನ ಹಳೆಯ ದಾರಿಗಳನ್ನೆಲ್ಲ ಒಮ್ಮೆಗೇ ಹೊರಗೆಡವಿತು. ಕೇಂದ್ರ ಜಲ ಆಯೋಗದ ಲೆಕ್ಕದಂತೆ ಜೂನ್ 1ರಿಂದ ಆಗಸ್ಟ್ 19ರವರೆಗೆ ಕೇರಳದಲ್ಲಿ 2,346 ಮಿ.ಮೀ. ಮಳೆ ಬಿತ್ತು. ವಾಡಿಕೆಗಿಂತ ಇದು ಶೇ. 42ರಷ್ಟು ಹೆಚ್ಚು. ಆಗಸ್ಟ್ 15ರಿಂದ 17ರವರೆಗಿನ ಮೂರು ದಿನಗಳ ಮಳೆ 414 ಮಿ.ಮೀ. ಎಂದೂ, 1924ರ ಜುಲೈನ ಮೂರು ದಿನಗಳದ್ದು 443 ಮಿ.ಮೀ. ಎಂದೂ ಆಯೋಗ ಹೋಲಿಸಿತು. ಎರಡು ನೆರೆಗಳ ನಡುವಿನ ವ್ಯತ್ಯಾಸ ಪೆರಿಯಾರಿನ ಇಡುಕ್ಕಿ ಅಣೆಕಟ್ಟು. 1924ರಲ್ಲಿ ಆ ಅಣೆಕಟ್ಟು ಇರಲಿಲ್ಲ. 2018ರಲ್ಲಿ ಅದು ಆಗಲೇ ತುಂಬಿತ್ತು, ಆಗಸ್ಟ್ 9ರಂದು ಅದೇ ಜಲಾಶಯದ ಚೆರುತೋಣಿ ಅಣೆಕಟ್ಟಿನ ಬಾಗಿಲುಗಳನ್ನು 26 ವರ್ಷಗಳ ನಂತರ ತೆರೆಯಬೇಕಾಯಿತು. ಜಲಾಶಯಗಳಿಂದ ನೆರೆ ಹೆಚ್ಚಿತೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಆಯೋಗ ಇಲ್ಲ ಎಂದಿತು, ಹೈಕೋರ್ಟಿಗೆ ನೆರವಾಗಲು ನೇಮಕಗೊಂಡ ವಕೀಲರು 2019ರಲ್ಲಿ ನಿರ್ವಹಣೆಯಲ್ಲಿ ಲೋಪವಿತ್ತು ಎಂದರು. ಮುಂಗಾರಿನ ನಟ್ಟನಡುವೆ ಜಲಾಶಯ ತುಂಬಿದ್ದರೆ ನೆರೆ ತಡೆಯಲು ಅದರಲ್ಲಿ ಜಾಗವಿರುವುದಿಲ್ಲ ಎಂಬಷ್ಟರಲ್ಲಿ ವಿವಾದವಿಲ್ಲ.

ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಪರಿಹಾರ ಕೇಂದ್ರ ಸೇರಿದರು. ಆಲುವಾ ಮತ್ತು ಪರವೂರು ಮುಳುಗಿದವು, ಚೇಂದಮಂಗಲಂ ನೇಕಾರರ ಮಗ್ಗಗಳೂ ಓಣಂಗೆಂದು ನೇಯ್ದಿಟ್ಟ ಬಟ್ಟೆಯೂ ಕೆಸರಾದವು. ಮುಸಿರಿಸ್ ಇತ್ತೆನ್ನುವ ನಾಡಿಗೇ ನದಿ ಮರಳಿತ್ತು. ತಿರುವನಂತಪುರ ಮತ್ತು ಕೊಲ್ಲಂ ಕರಾವಳಿಯ ಮೀನುಗಾರರು ತಮ್ಮ ನಾಡದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು ಒಳನಾಡಿಗೆ ಬಂದು ಸಾವಿರಾರು ಜನರನ್ನು ಪಾರುಮಾಡಿದರು. ಆ ಮಳೆಯೇ ಅದೇ ವಾರ ಕೊಡಗಿನ ಜೋಡುಪಾಲ, ಮಕ್ಕಂದೂರುಗಳಲ್ಲಿ ಗುಡ್ಡಗಳನ್ನು ಜಾರಿಸಿತ್ತು.

ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನನಿಲ್ದಾಣ ಪೆರಿಯಾರಿಗೆ ಸೇರುವ ತೋಡಿನ ಬದಿಯ ತಗ್ಗಿನಲ್ಲಿದೆ. ಆಗಸ್ಟ್ 15ರಂದು ಮುಚ್ಚಿದ ಅದು 29ರವರೆಗೆ ತೆರೆಯಲಿಲ್ಲ. 1999ರಲ್ಲಿ ಅದು ಆರಂಭವಾಗುವ ಮುನ್ನ ಕೊಚ್ಚಿಯ ನಾಗರಿಕ ವಿಮಾನಗಳು ಇಳಿಯುತ್ತಿದ್ದುದು ವಿಲ್ಲಿಂಗ್ಡನ್ ಐಲ್ಯಾಂಡಿನ ನೌಕಾಪಡೆ ನಿಲ್ದಾಣದಲ್ಲಿ. ಐಎನ್‌ಎಸ್ ಗರುಡ ಎಂಬ ಆ ನೆಲೆಯನ್ನೇ ಆಗಸ್ಟ್ 20ರಂದು ಮತ್ತೆ ಪ್ರಯಾಣಿಕರಿಗೆ ತೆರೆದರು. ಅಂದು ಬೆಳಿಗ್ಗೆ ಮೊದಲು ಇಳಿದದ್ದು ಬೆಂಗಳೂರಿನಿಂದ ಹೊರಟ ಅಲಯನ್ಸ್ ಏರ್‌ನ ಸಣ್ಣ ವಿಮಾನ. ಹೊಸ ನಿಲ್ದಾಣ ನದಿಯ ನೆರೆ ಬಯಲಿನಲ್ಲಿತ್ತು. ಹಳೆಯದು ಕಡಲ ಬಾಗಿಲಿನಲ್ಲೇ ಇದ್ದುದರಿಂದ ಅಷ್ಟು ದೂರ ಬರುವ ಹೊತ್ತಿಗೆ ನೆರೆಯ ನೀರು ಹರಡಿ ಕಡಲಿಗೆ ಇಳಿದಿರುತ್ತಿತ್ತು.

ನೆರೆ ಇಳಿದ ಮೇಲೆ ಕೊಚ್ಚಿಯ ಸುತ್ತಲಿನ ದ್ವೀಪಗಳಿಗೆ ಇನ್ನೊಂದು ಕಾಟ ಹೆಚ್ಚಿತು. ಹಿನ್ನೀರಿನಲ್ಲಿ ಹೂಳು ನಿಂತು ಆಳ ಕಡಿಮೆಯಾದ ಕಡೆ, ಮಳೆಯಿಲ್ಲದ ತಿಂಗಳುಗಳಲ್ಲೂ ಉಬ್ಬರದ ಉಪ್ಪುನೀರು ಅಂಗಳ ಮತ್ತು ಅಡುಗೆಮನೆಗಳಿಗೆ ನುಗ್ಗುತ್ತದೆ. ವೈಪಿನ್, ಕುಂಬಳಂಗಿ, ಪುತ್ತನ್‌ವೇಲಿಕ್ಕರ ಕಡೆಗಳಲ್ಲಿ ಗೋಡೆಯ ಬುಡ ಉಪ್ಪು ಹೀರಿ ಉದುರುತ್ತದೆ, ಶೌಚಾಲಯ ಕಟ್ಟಿಕೊಳ್ಳುತ್ತದೆ, ಬಾವಿ ಕೆಡುತ್ತದೆ. ಯಾರೂ ಸಾಯದ ಈ ನೆರೆಯನ್ನು ವಿಕೋಪದ ಪಟ್ಟಿಗೆ ಸೇರಿಸಲು ಆಡಳಿತಕ್ಕೆ ಬಹುಕಾಲ ಮನಸ್ಸು ಬರಲಿಲ್ಲ.

ಹೊರಗಿನ ಕಡಲ ದಡದ ಕಥೆ ತಿರುವನಂತಪುರದಿಂದ ಕೊಚ್ಚಿಯವರೆಗೆ ಒಂದೇ ಎಳೆಯದು. 2017ರ ನವೆಂಬರ್ ಕೊನೆಯ ಓಖಿ ಚಂಡಮಾರುತದ ಎಚ್ಚರಿಕೆ ತಲುಪುವ ಮೊದಲೇ ತಿರುವನಂತಪುರದ ಪೂಂತುರ, ವಿಳಿಂಞಂ ಕಡೆಯ ದೋಣಿಗಳು ಕಡಲಿಗಿಳಿದಿದ್ದವು. ಕೇರಳದ ನೂರಕ್ಕೂ ಹೆಚ್ಚು ಮೀನುಗಾರರು ಸತ್ತರು ಅಥವಾ ಮರಳಲಿಲ್ಲ. ಮರುವರ್ಷ ಒಳನಾಡಿನವರನ್ನು ಕಾಪಾಡಲು ಹೊರಟವರೂ ಇದೇ ಕರಾವಳಿಯವರು. ವಲಿಯತುರ, ಶಂಖುಮುಖಂಗಳಲ್ಲಿ ಮನೆಗಳ ಸಾಲು ಸಾಲೇ ಕಡಲು ಸೇರಿ, ಕುಟುಂಬಗಳು ವರ್ಷಗಟ್ಟಲೆ ಸಿಮೆಂಟ್ ಗೋದಾಮಿನಲ್ಲಿ ದಿನ ದೂಡಿದವು. ವಿಳಿಂಞಂ ಬಂದರಿನ ಕಾಮಗಾರಿ 2015ರಲ್ಲಿ ಆರಂಭವಾಗಿತ್ತು. ಅದರ ತಡೆಗೋಡೆಯೇ ಉತ್ತರದ ದಡದ ಮರಳು ಕಸಿಯುತ್ತಿದೆ ಎಂಬುದು ಮೀನುಗಾರರ ಆರೋಪ, ಕೊರೆತ ಅದಕ್ಕೂ ಹಿಂದಿನದು ಎಂಬುದು ಸರಕಾರದ ಉತ್ತರ. 2022ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಬಂದರಿನ ಬಾಗಿಲಲ್ಲಿ ಮುಷ್ಕರ ನಡೆಯಿತು. 2025ರ ಮೇ 2ರಂದು ಬಂದರು ಉದ್ಘಾಟನೆಯಾಯಿತು. ಮೂರು ವಾರ ಕಳೆದ ಮೇಲೆ, ಮೇ 25ರಂದು, ವಿಳಿಂಞಂನಿಂದ ಕೊಚ್ಚಿಗೆ ಬರುತ್ತಿದ್ದ ‘ಎಂಎಸ್‌ಸಿ ಎಲ್ಸಾ 3’ ಎಂಬ ಹಡಗು ಕಂಟೇನರ್‌ಗಳೊಂದಿಗೆ ಮುಳುಗಿ, ದಡದ ತುಂಬ ಪ್ಲಾಸ್ಟಿಕ್ ಕಾಳುಗಳು ಬಂದು ಬಿದ್ದವು. ಹಡಗಿನಲ್ಲಿದ್ದ 24 ಮಂದಿಯೂ ಬದುಕಿದರು. ಮೀನುಗಾರರ ಆ ಮಳೆಗಾಲದ ಕಸುಬಿಗೆ ಪೆಟ್ಟು ಬಿತ್ತು. ತಿರುವನಂತಪುರ ಜಿಲ್ಲೆಯದೇ ಆದ ಮುದಲಪ್ಪೊಳಿಯಲ್ಲಿ ಮೀನುಗಾರಿಕೆ ಬಂದರಿಗೆಂದು ಕಟ್ಟಿದ ತಡೆಗೋಡೆಗಳ ನಡುವೆ ಮರಳು ಕಟ್ಟಿಕೊಳ್ಳುತ್ತದೆ. ಅದನ್ನು ದಾಟುವಾಗ ದೋಣಿ ಮಗುಚಿ ಸತ್ತವರು ಹತ್ತಾರು.

ಕೊಚ್ಚಿಯ ದಕ್ಷಿಣಕ್ಕೆ, ಕಡಲು ಮತ್ತು ಹಿನ್ನೀರಿನ ನಡುವಿನ ಕಿರಿದಾದ ಪಟ್ಟಿಯಲ್ಲಿ, ಚೆಲ್ಲಾನಂ ಇದೆ. ದಡದುದ್ದಕ್ಕೂ ಸಾಗುವ ಮರಳು ಕೊಚ್ಚಿಯ ಹಡಗು ಕಾಲುವೆಯಲ್ಲಿ ಬಿದ್ದು ನಿಲ್ಲುತ್ತದೆ, ಅಲ್ಲಿಂದ ಅಗೆದು ಹೊರಕಡಲಿಗೆ ಚೆಲ್ಲಲಾಗುತ್ತದೆ. ವೈಪಿನ್‌ನ ದಕ್ಷಿಣ ತುದಿಯಲ್ಲಿ ಪುದುವೈಪ್ಪಿನ ಕಡೆ ಹೊಸ ನೆಲ ಬೆಳೆದರೆ, ಚೆಲ್ಲಾನಂ ಸವೆಯುತ್ತ ಬಂತು. ಓಖಿ ಅಲ್ಲಿಯ ಮನೆಗಳಿಗೆ ನುಗ್ಗಿತು, 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಇನ್ನೊಮ್ಮೆ ನುಗ್ಗಿತು. 2019ರಲ್ಲಿ ಸರದಿ ಉಪವಾಸ ಕೂತ ಊರವರ ಬೇಡಿಕೆಗಳಲ್ಲಿ ಒಂದು, ಬಂದರು ಎತ್ತುವ ಹೂಳನ್ನು ತಮ್ಮ ದಡಕ್ಕೆ ಹಾಕಿ ಎಂಬುದು. ವಿಲ್ಲಿಂಗ್ಡನ್ ಐಲ್ಯಾಂಡ್ ಕಟ್ಟಿದ ಲೆಕ್ಕವನ್ನೇ ಅವರು ಮುಂದಿಟ್ಟಿದ್ದರು. ಕಡಲಂಚಿನ 50 ಮೀಟರ್ ಒಳಗಿರುವವರು ಬೇರೆಡೆ ಹೋಗಲು ಸರಕಾರ ‘ಪುನರ್ಗೇಹಂ’ ಯೋಜನೆಯಲ್ಲಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಲು ಮುಂದಾಯಿತು. ಅಷ್ಟು ಹಣದಲ್ಲಿ ಕೊಚ್ಚಿಯ ಹತ್ತಿರ ನೆಲವೂ ಮನೆಯೂ ಆಗುವುದು ಕಷ್ಟ, ಕಡಲಿನಿಂದ ದೂರ ಹೋದರೆ ಮೀನು ಹಿಡಿಯುವುದು ಇನ್ನೂ ಕಷ್ಟ ಎಂದು ಹಲವರು ಹಿಂದೆ ಸರಿದರು. ಕೊನೆಗೆ 344 ಕೋಟಿ ರೂಪಾಯಿಯ ಯೋಜನೆಯಲ್ಲಿ, ನಾಲ್ಕು ಕಾಲಿನ ಕಾಂಕ್ರೀಟ್ ತುಂಡುಗಳನ್ನು ಒಂದಕ್ಕೊಂದು ಹೆಣೆದು ಪೇರಿಸಿದ ಟೆಟ್ರಾಪಾಡ್ ಗೋಡೆ ಚೆಲ್ಲಾನಂ ಬಂದರಿನಿಂದ ಪುತ್ತನ್‌ತೋಡಿನವರೆಗೆ ಏಳು ಕಿ.ಮೀ.ಗಿಂತ ತುಸು ಹೆಚ್ಚು ಉದ್ದಕ್ಕೆ ಎದ್ದಿತು. ಅದರ ಹಿಂದಿನ ಮನೆಗಳಿಗೆ 2023ರ ಮಳೆಗಾಲದಿಂದ ಕಡಲು ಬರುವುದು ಬಹುಮಟ್ಟಿಗೆ ನಿಂತಿದೆ. ಗೋಡೆ ಮುಗಿಯುವಲ್ಲಿಂದ ಉತ್ತರಕ್ಕೆ ಇರುವ ಕಣ್ಣಮಾಲಿ, ಚೆರಿಯಕಡವುಗಳಲ್ಲಿ ಕೊರೆತ ಮುಂಚಿಗಿಂತ ಜೋರಾಗಿದೆ, ಎರಡನೆಯ ಹಂತದ ಗೋಡೆಗಾಗಿ ಅಲ್ಲಿಯ ಜನ ಮಳೆಗಾಲ ಬಂದಾಗಲೆಲ್ಲ ರಸ್ತೆ ತಡೆಯುತ್ತ ಬಂದಿದ್ದಾರೆ.